ಸರಪಳಿ ಎಳೆದವಳಿಗೆ ಸಿಕ್ಕಿದ್ದೇನು?

ಸೊಹ್ರಾಬ್ ಮೋದಿಯವರ ‘ಪುಕಾರ್’ ಬಿಡುಗಡೆಯಾದದ್ದು 1939ರಲ್ಲಿ. ಮಿನರ್ವಾ ಮೂವಿಟೋನ್ ಸಂಸ್ಥೆಯ ಈ ಹಿಂದಿ ಚಿತ್ರಕ್ಕೆ ಕಥೆ ಬರೆದವರು ಕಮಾಲ್ ಅಮ್ರೋಹಿ. ಜಹಾಂಗೀರನಾಗಿ ಚಂದ್ರಮೋಹನ್, ನೂರ್ ಜಹಾನಳಾಗಿ ನಸೀಮ್ ಬಾನು, ಸಾಮ್ರಾಟನಿಗೆ ನಿಷ್ಠನಾದ ರಜಪೂತ ಸರದಾರ ಸಂಗ್ರಾಮ್ ಸಿಂಗನಾಗಿ ಸ್ವತಃ ಮೋದಿ ನಟಿಸಿದ್ದಾರೆ. ಸಂಗ್ರಾಮ್ ಸಿಂಗನ ಮಗ ಮಂಗಲ್ ಸಿಂಗ್ ಕೊಲೆ ಮಾಡುತ್ತಾನೆ. ಪ್ರಾಣಕ್ಕೆ ಪ್ರಾಣ ಎಂಬುದು ಜಹಾಂಗೀರನ ನ್ಯಾಯ. ತಂದೆಯ ಇಷ್ಟು ವರ್ಷಗಳ ಸೇವೆಯನ್ನೂ ಲೆಕ್ಕಿಸದೆ ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ಇಷ್ಟರಲ್ಲಿ ನೂರ್ ಜಹಾನಳ ಬಾಣ ಗುರಿ ತಪ್ಪಿ ಬಟ್ಟೆ ಒಗೆಯುವವನೊಬ್ಬನಿಗೆ ತಗುಲುತ್ತದೆ, ಅವನು ಸಾಯುತ್ತಾನೆ. ಅವನ ಹೆಂಡತಿ ರಾಮಿ ಅರಮನೆಯ ನ್ಯಾಯದ ಸರಪಳಿ ಎಳೆದು ಗಂಟೆ ಬಾರಿಸಿ ನ್ಯಾಯ ಕೇಳುತ್ತಾಳೆ. ಈ ಪಾತ್ರ ಮಾಡಿದವರು ಸರ್ದಾರ್ ಅಖ್ತರ್.

ಮುಂದಿನ ದೃಶ್ಯಕ್ಕಾಗಿಯೇ ಜನ ಈ ಚಿತ್ರವನ್ನು ನೆನಪಿಟ್ಟುಕೊಂಡಿದ್ದಾರೆ. ರಾಣಿ ನಿನ್ನನ್ನು ವಿಧವೆ ಮಾಡಿದ್ದಾಳೆ, ಹಾಗಾದರೆ ನೀನೂ ಅವಳನ್ನು ವಿಧವೆ ಮಾಡು ಎಂದು ಜಹಾಂಗೀರ್ ತನ್ನ ಎದೆಯನ್ನೇ ಒಡ್ಡಿ ನಿಲ್ಲುತ್ತಾನೆ. ದರ್ಬಾರು ನಡುಗುತ್ತದೆ. ಕೊನೆಗೆ ಆ ಹೆಂಗಸಿಗೆ ಸಾಮ್ರಾಟನ ಪ್ರಾಣ ಬೇಡವಾಗುತ್ತದೆ. ವ್ಯಾಜ್ಯ ರಾಜಿಯಲ್ಲಿ ಮುಗಿಯುತ್ತದೆ. ಮಂಗಲ್ ಸಿಂಗನಿಗೂ ಕ್ಷಮೆ ದೊರೆಯುತ್ತದೆ. ಪ್ರೇಕ್ಷಕರು ಸಾಮ್ರಾಟನಿಗೆ ಜೈ ಎನ್ನುತ್ತಾ ಹೊರಬರುತ್ತಾರೆ.

ಈ ಜೈಕಾರದ ಬಗ್ಗೆ ನನಗೆ ತಕರಾರಿದೆ. ಚಿತ್ರದ ಶಕ್ತಿ ಸಣ್ಣದಲ್ಲ. ಬಟ್ಟೆ ಒಗೆಯುವ ಹೆಂಗಸು ರಾಣಿಯ ಮೇಲೆ ದೂರು ಕೊಡಬಹುದು ಎಂಬ ಮಾತನ್ನು ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ, ಸಾವಿರಾರು ಜನ ಕೂತು ನೋಡುವ ತೆರೆಯ ಮೇಲೆ ಹೇಳಿದ್ದೇ ದೊಡ್ಡದು. ಆದರೆ ಆ ದೃಶ್ಯದಲ್ಲಿ ನಡೆದದ್ದನ್ನು ರಾಮಿಯ ಜಾಗದಲ್ಲಿ ನಿಂತು ನೋಡಬೇಕು. ಗಂಡ ಸತ್ತಿದ್ದಾನೆ. ಎದುರಿಗೆ ಇಡೀ ಸಾಮ್ರಾಜ್ಯದ ಸರದಾರರು ಕತ್ತಿ ಹಿಡಿದು ನಿಂತಿದ್ದಾರೆ. ಸಾಮ್ರಾಟ ತನ್ನನ್ನೇ ಕೊಲ್ಲು ಎನ್ನುತ್ತಿದ್ದಾನೆ. ಯಾವ ಬಡ ಹೆಂಗಸು ಅಲ್ಲಿ ಕೈ ಎತ್ತಿಯಾಳು? ಅದು ಅವಳ ಮುಂದಿಟ್ಟ ಆಯ್ಕೆಯೇ ಅಲ್ಲ, ಕ್ಷಮಿಸದೆ ಬೇರೆ ದಾರಿಯಿಲ್ಲದಂತೆ ಅವಳನ್ನು ನಿಲ್ಲಿಸಿದ ಬಗೆ. ಇನ್ನೊಂದು ಮಾತೂ ಇದೆ. ತಪ್ಪು ಮಾಡಿದ ರಾಣಿ ವಿಚಾರಣೆಗೆ ನಿಲ್ಲುವುದೇ ಇಲ್ಲ. ಅವಳ ತಪ್ಪಿಗೆ ಅವಳ ಗಂಡನ ಪ್ರಾಣ, ರಾಮಿಯ ನಷ್ಟಕ್ಕೂ ರಾಮಿಯ ಗಂಡನ ಪ್ರಾಣವೇ ಅಳತೆ. ಹೆಂಗಸರಿಬ್ಬರೂ ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಚಿತ್ರ ಮುಗಿದಾಗ ನಮ್ಮ ಮನಸ್ಸಿನಲ್ಲಿ ಉಳಿಯುವುದು ಜಹಾಂಗೀರನ ದೊಡ್ಡತನ. ಸತ್ತವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಸರಪಳಿ ಮಾತ್ರ ಕಟ್ಟುಕಥೆಯಲ್ಲ. 1605ರಲ್ಲಿ ಪಟ್ಟಕ್ಕೆ ಬಂದ ಜಹಾಂಗೀರ್ ತಾನು ಹೊರಡಿಸಿದ ಮೊದಲ ಆಜ್ಞೆಯೇ ಇದು ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಶುದ್ಧ ಚಿನ್ನದ ಸರಪಳಿ, 30 ಗಜ ಉದ್ದ, ಅದಕ್ಕೆ 60 ಗಂಟೆ. ಒಂದು ತುದಿ ಆಗ್ರಾ ಕೋಟೆಯ ಬುರುಜಿಗೆ, ಇನ್ನೊಂದು ಯಮುನೆಯ ದಡದಲ್ಲಿ ನೆಟ್ಟ ಕಲ್ಲುಕಂಬಕ್ಕೆ. ನ್ಯಾಯಾಧಿಕಾರಿಗಳು ಕೈಬಿಟ್ಟವರು ಇದನ್ನು ಅಲ್ಲಾಡಿಸಿ ತನ್ನ ಗಮನ ಸೆಳೆಯಲಿ ಎಂಬುದು ಅವನ ಉದ್ದೇಶ. ನೂರ್ ಜಹಾನಳ ಬಾಣದ ಪ್ರಸಂಗವಾದರೋ ದಂತಕಥೆ. ಅದೇ ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡ ಇನ್ನೊಂದು ಬೇಟೆಯ ಪ್ರಸಂಗವಿದೆ. ನೀಲಗಾಯ್ ಒಂದಕ್ಕೆ ಅವನು ಗುರಿಯಿಟ್ಟಿದ್ದಾಗ ಕುದುರೆ ಕಾಯುವವನೊಬ್ಬ, ಹೊರೆಯಾಳುಗಳಿಬ್ಬರು ಎದುರಿಗೆ ಬಂದರು. ಪ್ರಾಣಿ ಬೆದರಿ ಓಡಿತು. ಸಿಟ್ಟಿನಲ್ಲಿ ಕುದುರೆಯಾಳನ್ನು ಅಲ್ಲಿಯೇ ಕೊಲ್ಲಿಸಿದ, ಹೊರೆಯಾಳುಗಳ ಕಾಲಿನ ಹಿಂಭಾಗದ ನರ ಕತ್ತರಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿದ. ಸರಪಳಿ ಕಟ್ಟಿಸಿದವನೂ ಇವನೇ, ಈ ಆಜ್ಞೆ ಕೊಟ್ಟವನೂ ಇವನೇ. ಅವನು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ನ್ಯಾಯ ಒಬ್ಬನ ಮನಸ್ಸಿನಲ್ಲಿ ಮನೆ ಮಾಡಿದ್ದರೆ ಅವನ ಮನಸ್ಸು ಕೆಟ್ಟ ದಿನ ಅದಕ್ಕೆ ಮನೆಯಿಲ್ಲ. ಆ ಹೊರೆಯಾಳುಗಳು ಯಾವ ಗಂಟೆ ಬಾರಿಸಬೇಕಿತ್ತು?

‘ಪುಕಾರ್’ ಬಂದ 1939ರಲ್ಲಿ ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳೆಲ್ಲ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಗಾಂಧೀಜಿ ‘ರಾಜರ್ಷಿ’ ಎಂದು ಕರೆದ ದೊರೆ. ಕೆರೆ, ಕಾಲುವೆ, ಶಾಲೆ, ವಿದ್ಯುತ್ತು, ಹಿಂದುಳಿದವರಿಗೆ ಸರ್ಕಾರಿ ಕೆಲಸ ಎಂದು ಅವರನ್ನು ಇಂದಿಗೂ ಜನ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆ ಸಂಸ್ಥಾನದಲ್ಲಿ ಜನ ತಮ್ಮ ಕಷ್ಟ ಹೇಳಿಕೊಳ್ಳಲು ಗಂಟೆಗಿಂತ ಉತ್ತಮವಾದ ಏರ್ಪಾಡೂ ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ 144 ಪ್ರತಿನಿಧಿಗಳು ಸೇರಿದ್ದರು. ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ಹೋದವರು ದಿವಾನರ ಎದುರು ನಿಂತು ಊರಿನ ಅಹವಾಲು ಹೇಳುತ್ತಿದ್ದರು. ಕೇಳಿಸಿಕೊಳ್ಳುವುದು ಸರ್ಕಾರದ ಕೈಯಲ್ಲಿತ್ತು, ತೀರ್ಮಾನವೂ ಅದರ ಕೈಯಲ್ಲೇ ಇತ್ತು.

ಇಂಥ ದೊರೆಯ ಕಾಲದಲ್ಲೇ 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಮರುವರ್ಷ ಚಿತ್ರದುರ್ಗದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಜನ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು. ಹೆಂಡದ ವಿರುದ್ಧವೂ ಹೌದು, ಅರಣ್ಯ ಕಾನೂನಿನ ವಿರುದ್ಧವೂ ಹೌದು. ಕೊಡಲಿ ಹಿಡಿದು ಹೋದ ಆ ಒಕ್ಕಲಿಗರು ಮೈಸೂರಿಗೆ ಹೋಗಿ ಅರಮನೆಯ ಬಾಗಿಲು ಬಡಿಯಲಿಲ್ಲ. ದೊರೆ ಒಳ್ಳೆಯವನು, ಹೋಗಿ ಕೇಳಿದರೆ ಕೊಟ್ಟಾನು ಎಂದು ಕಾಯಲಿಲ್ಲ. ಕಾನೂನು ತಪ್ಪಾಗಿದ್ದರೆ ಅದನ್ನು ಎದುರಿಗೇ ಮುರಿದು, ಬಂಧಿಸಿ ಎಂದು ನಿಂತರು. ಅವರು ಕೇಳುತ್ತಿದ್ದದ್ದು ಜವಾಬ್ದಾರಿ ಸರ್ಕಾರ, ಅಂದರೆ ಪ್ರಜೆಗೆ ಉತ್ತರ ಕೊಡಬೇಕಾದ ಸರ್ಕಾರ. ದೊರೆಯ ಸದ್ಗುಣ ಸಾಲದು ಎಂದು ಅವರಿಗೆ ಗೊತ್ತಾಗಿತ್ತು. ಅದೇ ವರ್ಷ ಮುಂಬಯಿಯ ಸಿನಿಮಾ ಒಬ್ಬ ಸದ್ಗುಣಿ ದೊರೆಯನ್ನು ತೋರಿಸಿ ದೇಶವನ್ನೇ ಮರುಳು ಮಾಡಿತು. ಎರಡರಲ್ಲಿ ನಮ್ಮ ಇಂದಿನ ಬದುಕಿಗೆ ಹತ್ತಿರವಿರುವುದು ತುರುವನೂರು.

ಹಾಗೆಂದು ಸಿನಿಮಾವನ್ನು ಮೆಚ್ಚಿದವರನ್ನು ಹಳಿಯಲಾರೆ. ಮೋದಿ ಬಂದದ್ದು ಪಾರ್ಸಿ ರಂಗಭೂಮಿಯಿಂದ. ನಮ್ಮ ಕಂಪನಿ ನಾಟಕಗಳೂ ಬಣ್ಣದ ಪರದೆ, ಸೀನರಿ, ಏರುದನಿಯ ಸಂಭಾಷಣೆಗಳನ್ನು ಕಲಿತದ್ದು ಅಲ್ಲಿಂದಲೇ. ಹೊಳಲ್ಕೆರೆ ಸೀಮೆಯ ಹಳ್ಳಿಯಲ್ಲಿ ಹಬ್ಬಕ್ಕೋ ಜಾತ್ರೆಗೋ ನಾಟಕ ಕಟ್ಟುವವರಿಗೆ ದರ್ಬಾರ್ ಸೀನ್ ಇಲ್ಲದ ನಾಟಕ ನಾಟಕವೇ ಅಲ್ಲ. ಸಿಂಹಾಸನದ ಮೇಲೆ ಕೂತವನು ನ್ಯಾಯ ಹೇಳುವುದನ್ನು ನೋಡುವುದರಲ್ಲಿ ಒಂದು ಸಮಾಧಾನವಿದೆ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸವೆದವನಿಗೆ, ಎರಡೇ ಮಾತಿನಲ್ಲಿ ತೀರ್ಪು ಕೊಡುವ ದೊರೆ ಕನಸಿನಲ್ಲಿ ಬರುವುದು ಸಹಜ. ಆ ಕನಸನ್ನು ಗೌರವಿಸಿಯೇ ಅದನ್ನು ಪ್ರಶ್ನಿಸಬೇಕು.

ನಮ್ಮ ಮನೆಗಳಲ್ಲಿ ಶನಿವಾರ ಓದಿಸುವ ಶನಿ ಮಹಾತ್ಮೆಯನ್ನು ತೆಗೆದುಕೊಳ್ಳಿ. ಪರಸ್ಥಳಕ್ಕೆ ಬಂದ ವಿಕ್ರಮ ರಾಜನ ಮೇಲೆ ಮುತ್ತಿನ ಹಾರ ಕದ್ದ ಆರೋಪ ಬರುತ್ತದೆ. ಹಾರವನ್ನು ನುಂಗಿದ್ದು ಗೋಡೆಯ ಚಿತ್ರದ ಹಂಸ. ಚಂದ್ರಸೇನ ರಾಜ ವಿಚಾರಣೆಯನ್ನೇ ಮಾಡದೆ ಕೈಕಾಲು ಕಡಿಸುತ್ತಾನೆ. ಕೊನೆಗೆ ಎಲ್ಲವೂ ಶನಿಯ ಪ್ರಭಾವ ಎಂದು ತಿಳಿದು ಮಂಗಳವಾಗುತ್ತದೆ. ಭಕ್ತಿಯ ಮಾತು ಬೇರೆ, ಅದನ್ನು ನಾನು ಮುಟ್ಟುವುದಿಲ್ಲ. ಆದರೆ ವಿಚಾರಣೆಯಿಲ್ಲದೆ ಕೈಕಾಲು ಕಡಿಸಿದ ರಾಜನನ್ನು ಆ ಕಥೆಯಲ್ಲಿ ಯಾರೂ ಒಂದು ಮಾತು ಕೇಳುವುದಿಲ್ಲ ಎಂಬುದನ್ನು ತಲೆತಲಾಂತರದಿಂದ ಕೇಳುತ್ತಾ ಬಂದ ನಾವು ಗಮನಿಸಿಲ್ಲ. ದೊರೆಯ ತಪ್ಪು ಗ್ರಹಚಾರದ ಲೆಕ್ಕಕ್ಕೆ ಹೋಗುತ್ತದೆ, ದೊರೆಯ ಒಳ್ಳೆಯತನ ಮಾತ್ರ ಅವನ ಲೆಕ್ಕಕ್ಕೇ ಬರುತ್ತದೆ. ‘ಪುಕಾರ್’ ಇದೇ ಲೆಕ್ಕವನ್ನು ಮುಂದುವರಿಸಿತು.

ಕನ್ನಡದಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡಿದ ಇಬ್ಬರು ಬಟ್ಟೆ ಒಗೆಯುವವರಿದ್ದಾರೆ. ಒಬ್ಬ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದ ಅಜೀಜ. 1964ರ ಈ ನಾಟಕ ಆರಂಭವಾಗುವುದೇ ‘ಪುಕಾರ್’ನಂಥ ಸನ್ನಿವೇಶದಿಂದ. ಸುಲ್ತಾನನ ಅಧಿಕಾರಿಗಳು ತನ್ನ ಜಮೀನು ಕಸಿದುಕೊಂಡರೆಂದು ಒಬ್ಬ ಬ್ರಾಹ್ಮಣ ದಾವೆ ಹೂಡಿದ್ದಾನೆ, ಖಾಜಿ ಸುಲ್ತಾನನದೇ ತಪ್ಪು ಎಂದು ತೀರ್ಪು ಕೊಟ್ಟಿದ್ದಾನೆ, ಸುಲ್ತಾನ ತಲೆಬಾಗಿದ್ದಾನೆ, ಬ್ರಾಹ್ಮಣನಿಗೆ 500 ಬೆಳ್ಳಿ ದಿನಾರು ಮತ್ತು ಸರ್ಕಾರಿ ಕೆಲಸ. ಮಹಮ್ಮದ್ ಬಿನ್ ತುಘಲಕ್ ಖಾಜಿಯ ಮುಂದೆ ಸಾಮಾನ್ಯ ಪ್ರತಿವಾದಿಯಂತೆ ನಿಂತ ಪ್ರಸಂಗವನ್ನು ಇಬ್ನ್ ಬತೂತನೂ ಬರೆದಿದ್ದಾನೆ, ಆದ್ದರಿಂದ ಇದು ಬರೀ ನಾಟಕಕಾರನ ಕಲ್ಪನೆಯಲ್ಲ. ನಾಟಕದಲ್ಲಿ ಆಮೇಲೆ ಗೊತ್ತಾಗುತ್ತದೆ, ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ, ಬಟ್ಟೆ ಒಗೆಯುವ ಅಜೀಜ. ದೊರೆಗೆ ತನ್ನ ನ್ಯಾಯನಿಷ್ಠೆಯನ್ನು ಜಗತ್ತಿಗೆ ತೋರಿಸುವ ಆಸೆಯಿದೆ ಎಂಬುದನ್ನು ಮೊದಲು ಅರ್ಥಮಾಡಿಕೊಂಡವನು ಅವನು. ತೋರಿಸಿಕೊಳ್ಳುವ ನ್ಯಾಯಕ್ಕೆ ಒಬ್ಬ ಫಿರ್ಯಾದಿ ಬೇಕು, ಅವನ ಫಿರ್ಯಾದು ನಿಜವೇ ಸುಳ್ಳೇ ಎಂಬುದು ಆಮೇಲಿನ ಮಾತು. ನಾಟಕದ ಕೊನೆಯಲ್ಲಿ ಅಜೀಜ ಸಿಕ್ಕಿಬಿದ್ದಾಗ, ಅಷ್ಟೆಲ್ಲ ಕೊಲೆ ಮೋಸ ಮಾಡಿದವನಿಗೆ ಸುಲ್ತಾನ ದಖ್ಖನ್ನಿನ ಸೈನ್ಯದಲ್ಲಿ ಅಧಿಕಾರ ಕೊಟ್ಟು ಕಳುಹಿಸುತ್ತಾನೆ. ಜಹಾಂಗೀರನ ದರ್ಬಾರಿನಲ್ಲಿ ನಾವು ಕೇಳದೇ ಹೋದ ಪ್ರಶ್ನೆಯನ್ನು ಕಾರ್ನಾಡರು ಕೇಳಿದ್ದಾರೆ. ಈ ನ್ಯಾಯ ಯಾರಿಗೋಸ್ಕರ?

ಇನ್ನೊಬ್ಬ ನಮಗೆ ಇನ್ನೂ ಹತ್ತಿರದವನು, ಮಡಿವಾಳ ಮಾಚಿದೇವ. ಅವನ ಹೆಸರಿನ ಗುರುಪೀಠ ಚಿತ್ರದುರ್ಗದಲ್ಲೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆದವನು, ‘ಕಲಿದೇವರದೇವ’ ಅಂಕಿತದಲ್ಲಿ ವಚನ ಬರೆದವನು. ಬಸವಪುರಾಣದ ಕಥೆಯಲ್ಲಿ ಅವನ ಮೇಲೆ ಕಲ್ಯಾಣದ ದೊರೆ ಬಿಜ್ಜಳನಿಗೆ ದೂರು ಹೋಗುತ್ತದೆ. ಕೆರಳಿದ ಬಿಜ್ಜಳ ಆನೆಯನ್ನು, ಸೈನ್ಯವನ್ನು ನುಗ್ಗಿಸುತ್ತಾನೆ. ಮಾಚಿದೇವ ಅದನ್ನೆಲ್ಲ ಹಿಮ್ಮೆಟ್ಟಿಸುತ್ತಾನೆ. ಕೊನೆಗೆ ಕ್ಷಮೆ ಬೇಡುವವನು ಬಿಜ್ಜಳ. ಆ ಕಥೆಯಲ್ಲಿ ಮಾಚಿದೇವನ ಕೈಯಿಂದಾದ ಹಿಂಸೆಯೂ ಇದೆ, ಪವಾಡವೂ ಇದೆ. ಅವೆರಡನ್ನೂ ಇಂದಿನವರು ಹಾಗೆಯೇ ಒಪ್ಪಬೇಕಿಲ್ಲ. ಆದರೆ ಕಥೆ ಹೇಳಿದವರ ಮನಸ್ಸು ಎತ್ತ ವಾಲಿತ್ತು ನೋಡಿ. ಸಿನಿಮಾದಲ್ಲಿ ಒಗೆಯುವವಳು ದೊರೆಯನ್ನು ಕ್ಷಮಿಸಿ ದೊರೆಯನ್ನು ದೊಡ್ಡವನನ್ನಾಗಿ ಮಾಡುತ್ತಾಳೆ. ನಮ್ಮ ಪುರಾಣದಲ್ಲಿ ದೊರೆಯೇ ಬಂದು ಒಗೆಯುವವನ ಮುಂದೆ ನಿಲ್ಲಬೇಕಾಗುತ್ತದೆ.

ಇದೇ ಬಿಜ್ಜಳನ ನ್ಯಾಯಸ್ಥಾನದ ಇನ್ನೊಂದು ಮುಖವೂ ಕನ್ನಡಿಗರಿಗೆ ಗೊತ್ತಿದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ವರ್ಣಸಂಕರವಾಯಿತೆಂದು ದೂರು ಹೋಯಿತು. ವಿಚಾರಣೆ ನಡೆಯಿತು, ತೀರ್ಪೂ ಬಂತು. ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದರು. ದೊರೆಯ ಕಾನೂನಿನ ಪ್ರಕಾರ ಅದು ಸರಿಯಾದ ತೀರ್ಪೇ. ಸಿರಿಗೆರೆಯ ಹಿರಿಯ ಜಗದ್ಗುರು ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ಕಲ್ಯಾಣದ ಈ ದುರಂತವನ್ನು ‘ಮರಣವೇ ಮಹಾನವಮಿ’ ನಾಟಕವಾಗಿ ಬರೆದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ತಂಡ ವರ್ಷವರ್ಷವೂ ಹೊಸ ನಾಟಕಗಳನ್ನು ಕಟ್ಟಿಕೊಂಡು ನಾಡೆಲ್ಲ ತಿರುಗುತ್ತಿದೆ, ಶರಣರ ಕಥೆಗಳನ್ನು ಹಳ್ಳಿಗಳ ರಂಗದ ಮೇಲೆ ಇಟ್ಟಿದೆ. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾದರೆ ರಾಜಕುಮಾರ್ ಬಿಜ್ಜಳನಾದರು. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಎಲ್ಲವೂ ಆ ಸಿಂಹಾಸನದ ಸುತ್ತಲೇ ಸುತ್ತಿವೆ. ದೊರೆ ಕೊಟ್ಟ ತೀರ್ಪೇ ಅನ್ಯಾಯವಾಗಬಹುದು ಎಂಬ ಅರಿವು ನಮ್ಮ ಭಾಷೆಗೆ ಹೊಸದಲ್ಲ. ಇನ್ನು ನಮ್ಮ ಚಿತ್ರದುರ್ಗದ ಪಾಳೆಯಗಾರರ ಮನೆಯ ರಕ್ತಪಾತವನ್ನು ಓದಬೇಕೆಂದರೆ ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಇವೆ. ದಳವಾಯಿಯ ಕತ್ತಿ ದೊರೆಯ ಕೊರಳಿಗೇ ಬಂದ ಆ ದಿನಗಳಲ್ಲಿ ದೊರೆಗೂ ನ್ಯಾಯ ಸಿಗುವ ಭರವಸೆ ಇರಲಿಲ್ಲ.

ಇಷ್ಟೆಲ್ಲ ಹಿನ್ನೆಲೆಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ರಾಜಿಯ ಬಗ್ಗೆ. ‘ಪುಕಾರ್’ ಮುಗಿಯುವುದು ಅಲ್ಲಿಯೇ. ಕೊಲೆಯಾದವನ ವಾರಸುದಾರರು ಕ್ಷಮಿಸಬಹುದು, ಪರಿಹಾರ ಪಡೆದು ಬಿಟ್ಟುಕೊಡಬಹುದು ಎಂಬುದು ಮೊಗಲರ ಕಾಲದ ನ್ಯಾಯಪದ್ಧತಿಯಲ್ಲಿತ್ತು. ನಮ್ಮ ಕಾನೂನಿನಲ್ಲಿ ಕೊಲೆ ರಾಜಿಯಾಗುವ ಅಪರಾಧವಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 320ನೆಯ ಕಲಮಿನಲ್ಲೂ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೆಯ ಕಲಮಿನಲ್ಲೂ ರಾಜಿಯಾಗಬಹುದಾದ ಅಪರಾಧಗಳ ಪಟ್ಟಿಯಿದೆ, ಅದರಲ್ಲಿ ಕೊಲೆ ಇಲ್ಲ. ಎರಡೂ ಕಡೆಯವರು ಒಪ್ಪಿದ್ದಾರೆಂಬ ಕಾರಣಕ್ಕೆ ಕೊಲೆ, ಅತ್ಯಾಚಾರದಂಥ ಘೋರ ಅಪರಾಧದ ಮೊಕದ್ದಮೆಯನ್ನು ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮೇಲುನೋಟಕ್ಕೆ ಇದು ಕಟುವಾಗಿ ಕಾಣಬಹುದು, ಕ್ಷಮಿಸುವ ಹಕ್ಕನ್ನೂ ಕಿತ್ತುಕೊಂಡರಲ್ಲ ಎನ್ನಿಸಬಹುದು. ಆದರೆ ರಾಮಿಯಂಥವಳನ್ನು ಕಾಯುವುದು ಈ ನಿಯಮವೇ. ರಾಜಿಗೆ ದಾರಿ ಬಿಟ್ಟರೆ ದುಡ್ಡಿದ್ದವನು ಅವಳ ಗುಡಿಸಲಿನ ಮುಂದೆ ಬಂದು ಕೂರುತ್ತಾನೆ. ಊರಿನ ಹಿರಿಯರು ಬರುತ್ತಾರೆ. ಹೋದವನು ಹೋದ, ಮಕ್ಕಳನ್ನು ನೋಡಮ್ಮ ಎನ್ನುತ್ತಾರೆ. ಅವಳು ಒಪ್ಪದೆ ಏನು ಮಾಡಿಯಾಳು? ಪ್ರಾಣ ಹೋದದ್ದು ಅವಳೊಬ್ಬಳ ನಷ್ಟವಲ್ಲ, ಸಮಾಜದ ವಿರುದ್ಧ ನಡೆದ ಅಪರಾಧ. ಆದ್ದರಿಂದ ಮೊಕದ್ದಮೆ ನಡೆಸುವ ಹೊರೆ ಸರ್ಕಾರದ ಮೇಲಿದೆ, ಅವಳ ಮೇಲಿಲ್ಲ.

ಹೊಳಲ್ಕೆರೆಯಿಂದ ಬಹಳ ದೂರವಲ್ಲದ ಸಿರಿಗೆರೆಯಲ್ಲಿ ಪ್ರತಿ ಸೋಮವಾರ ತರಳಬಾಳು ಜಗದ್ಗುರುಗಳ ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ಜಮೀನು, ಸಾಲ, ದಾಯಾದಿ ಪಾಲು, ಗಂಡ ಹೆಂಡಿರ ವಿರಸ ಇಂಥವನ್ನು ಹೊತ್ತು ಜನ ಬರುತ್ತಾರೆ, ಮಠದ ಶಿಷ್ಯರಷ್ಟೇ ಅಲ್ಲ, ಬೇರೆ ಜಾತಿ ಧರ್ಮದವರೂ ಬರುತ್ತಾರೆ. ವಕೀಲರ ಫೀಸಿಲ್ಲ. ಅರ್ಥವಾಗದ ಭಾಷೆಯಿಲ್ಲ. ಎರಡು ಕಡೆಯವರೂ ಎದುರಿಗೆ ಕೂತು ತಮ್ಮ ಮಾತಿನಲ್ಲೇ ಹೇಳಿಕೊಳ್ಳುತ್ತಾರೆ. ಒಂದು ಬದುವಿನ ಜಗಳ ಸಿವಿಲ್ ಕೋರ್ಟಿನಲ್ಲಿ ಅಪ್ಪನಿಂದ ಮಗನಿಗೆ ಬರುವುದನ್ನು ಕಂಡವರು ಇದರ ಬೆಲೆಯನ್ನು ಅಲ್ಲಗಳೆಯಲಾರರು. ನಾನೂ ಅಲ್ಲಗಳೆಯುವುದಿಲ್ಲ. ಮನಸ್ಸು ಮುರಿದ ಅಣ್ಣತಮ್ಮಂದಿರಿಗೆ ಕಾನೂನು ಕೊಡಲಾರದ್ದನ್ನು ಇಬ್ಬರೂ ನಂಬುವ ಒಬ್ಬ ಹಿರಿಯರು ಕೊಡಬಲ್ಲರು.

ಅದರ ಬಲವಿರುವುದು ಇಬ್ಬರೂ ಒಪ್ಪಿ ಬರುವುದರಲ್ಲಿ, ಒಪ್ಪಿಗೆ ನಿಜವಾಗಿ ಒಪ್ಪಿಗೆಯಾಗಿರುವುದರಲ್ಲಿ. ಅಣ್ಣತಮ್ಮಂದಿರ ನಡುವೆ ಅದು ಇದ್ದೀತು. ಮನೆಯ ಸೊಸೆಗೂ ಅತ್ತೆಯ ಮನೆಗೂ ನಡುವೆ, ಸಾಲ ಕೊಟ್ಟವನಿಗೂ ಕೂಲಿಯವನಿಗೂ ನಡುವೆ ಒಪ್ಪಿಗೆ ಸಮವಾಗಿರುತ್ತದೆಯೇ? ಈ ಪ್ರಶ್ನೆ ಮಠದ ಪೀಠಕ್ಕೆ ಮಾತ್ರವಲ್ಲ, ನ್ಯಾಯಾಲಯಗಳೇ ನಡೆಸುವ ಲೋಕ ಅದಾಲತ್ತಿಗೂ ಅನ್ವಯಿಸುತ್ತದೆ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು, ಆದರೆ ಆ ತೀರ್ಮಾನದ ಮೇಲೆ ಅಪೀಲಿಲ್ಲ. ರಾಶಿ ರಾಶಿ ಪ್ರಕರಣ ಒಂದೇ ದಿನ ಇತ್ಯರ್ಥವಾದವು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ತಿಳಿಯಬೇಕೆನ್ನಿಸುವುದು ಒಂದೇ: ಸಹಿ ಹಾಕಿದವರಲ್ಲಿ ದಣಿದು ಹಾಕಿದವರು ಎಷ್ಟು, ಮನಸಾರೆ ಹಾಕಿದವರು ಎಷ್ಟು?

ಇಂದು ರಾಮಿ ಬಂದರೆ ಯಾವ ಬಾಗಿಲಿಗೆ ಹೋಗುತ್ತಾಳೆ? ರಾಷ್ಟ್ರಪತಿ, ರಾಜ್ಯಪಾಲರನ್ನು ಬಿಟ್ಟರೆ (ಅವರಿಗೂ ಅಧಿಕಾರದ ಅವಧಿಯಲ್ಲಿ ಮಾತ್ರ ಸಂವಿಧಾನದ 361ನೆಯ ವಿಧಿಯ ರಕ್ಷೆ) ಉಳಿದವರು ಎಷ್ಟೇ ದೊಡ್ಡವರಾಗಲಿ ಸಾಮಾನ್ಯ ಮ್ಯಾಜಿಸ್ಟ್ರೇಟರ ಮುಂದೆ ಆರೋಪಿಯಾಗಿ ನಿಲ್ಲಬೇಕು. ಇದು ಚಿನ್ನದ ಸರಪಳಿಗಿಂತ ದೊಡ್ಡ ಮಾತು. ಅವಳು ಯಾರ ದಯೆಯನ್ನೂ ಬೇಡಬೇಕಿಲ್ಲ. ಆದರೆ ಹೊಸ ಗೋಡೆಗಳೂ ಎದ್ದಿವೆ. ಸರ್ಕಾರಿ ಅಧಿಕಾರಿ ಕರ್ತವ್ಯದ ಹೆಸರಿನಲ್ಲಿ ಮಾಡಿದ ಅಪರಾಧಕ್ಕೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು. ಹೊಸ ಸಂಹಿತೆಯ 218ನೆಯ ಕಲಮು 120 ದಿನದಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಎಂದು ಹೇಳಿದೆ, ಇದು ಸ್ವಲ್ಪ ಸಮಾಧಾನ. ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡಬೇಕಾದರೆ ಎರಡು ತಿಂಗಳ ನೋಟಿಸು ಕೊಡಬೇಕು. ತಾಲ್ಲೂಕಿನ ಕೋರ್ಟಿನಲ್ಲಿ ಕನ್ನಡದಲ್ಲಿ ಸಾಕ್ಷಿ ಹೇಳಿದವಳ ಪ್ರಕರಣ ಹೈಕೋರ್ಟಿಗೆ ಹೋದರೆ ಅಲ್ಲಿ ನಡೆಯುವುದು ಇಂಗ್ಲಿಷಿನಲ್ಲಿ. ತನ್ನ ಗಂಡನ ಸಾವಿನ ಬಗ್ಗೆ ಏನು ವಾದ ನಡೆಯಿತೆಂದು ಅವಳಿಗೆ ಇನ್ನೊಬ್ಬರು ಹೇಳಬೇಕು. ಇನ್ನು ಕೋರ್ಟಿನ ತನಕವೂ ಹೋಗದ ಅಹವಾಲುಗಳೆಷ್ಟೋ. ಬಗರ್ ಹುಕುಂ ಸಾಗುವಳಿ ಸಕ್ರಮಕ್ಕೆಂದು ನಮೂನೆ 50, ಆಮೇಲೆ 53, ಆಮೇಲೆ 57 ತುಂಬಿಕೊಟ್ಟ ರೈತ ಕುಟುಂಬಗಳು ರಾಜ್ಯದ ಯಾವ ತಾಲ್ಲೂಕಿನಲ್ಲಾದರೂ ಸಿಗುತ್ತವೆ. ಅಪ್ಪ ತುಂಬಿದ ಅರ್ಜಿಯ ಹಿಂಬರಹವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡು ಮಗ ಅಲೆಯುತ್ತಿರುತ್ತಾನೆ.

ಗಂಟೆ ಕೇಳಿಸಿದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಭೀಮಸಮುದ್ರ, ಹಿರೇಕಂದವಾಡಿಯ ಸುತ್ತಿನ ಗುಡ್ಡಗಳಿಂದ ಅದಿರು ಲಾರಿಗಳು ಹಗಲಿರುಳು ಇಳಿದ ಕಾಲದಲ್ಲಿ ರಸ್ತೆ ಬದಿಯ ಅಡಿಕೆ ಸೋಗೆಗಳು ಕೆಮ್ಮಣ್ಣು ಬಣ್ಣಕ್ಕೆ ತಿರುಗಿದ್ದವು. ಅಕ್ರಮ ಗಣಿಗಾರಿಕೆಯ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತರ ವರದಿ 2011ರ ಜುಲೈನಲ್ಲಿ ಬಂತು, ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ನ್ಯಾಯಾಲಯ ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶವನ್ನು ವಿಸ್ತರಿಸಿತು. ಇಲ್ಲಿ ಯಾವ ದೊರೆಯೂ ಎದೆಯೊಡ್ಡಿ ನಿಲ್ಲಲಿಲ್ಲ, ಅಡಿಕೆ ಬೆಳೆಗಾರನೂ ಯಾರನ್ನೂ ಕ್ಷಮಿಸಬೇಕಾಗಲಿಲ್ಲ. ದಾಖಲೆ, ತನಿಖೆ, ವಾದ, ಆದೇಶ. ತೆರೆಯ ಮೇಲೆ ಇದನ್ನು ತೋರಿಸಿದರೆ ಯಾರೂ ಶಿಳ್ಳೆ ಹೊಡೆಯಲಾರರು. ನ್ಯಾಯ ಎಂದರೆ ಬಹುಪಾಲು ಹೀಗೇ ಇರುತ್ತದೆ, ಇರಬೇಕು. ಆದರೆ ಒಬ್ಬಂಟಿ ಬೆಳೆಗಾರನೊಬ್ಬ ದೆಹಲಿಯ ಆ ಗಂಟೆಯನ್ನು ಬಾರಿಸಲಾರ, ಅವನ ಪರವಾಗಿ ನಿಲ್ಲುವ ಸಂಘಟನೆ ಬೇಕಾಯಿತು ಎಂಬುದನ್ನೂ ಮರೆಯುವಂತಿಲ್ಲ.

‘ಪುಕಾರ್’ ನೋಡಿ. ಚಂದ್ರಮೋಹನರ ಕಣ್ಣು, ಮೋದಿಯವರ ಕಂಠ ಇಂದಿಗೂ ಮಾಸಿಲ್ಲ. ಜಹಾಂಗೀರ್ ಎದೆಯೊಡ್ಡುವ ಹೊತ್ತಿನಲ್ಲಿ ಮಾತ್ರ ಅವನ ಮುಖದಿಂದ ಕಣ್ಣು ತೆಗೆದು ರಾಮಿಯ ಮುಖ ನೋಡಿ. ಅವಳ ಪಕ್ಕದಲ್ಲಿ ಅವಳ ಪರವಾಗಿ ಮಾತಾಡುವವರು ಒಬ್ಬರೂ ಇಲ್ಲ. ಇಂದು ಅಂಥವಳಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗಬೇಕೆಂದು ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ, 1987 ಹೇಳುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಇದಕ್ಕೆ ಆದಾಯದ ಮಿತಿಯಿಲ್ಲ. ತಾಲ್ಲೂಕು ನ್ಯಾಯಾಲಯಗಳಲ್ಲಿ ಇದಕ್ಕೆಂದೇ ಕಾನೂನು ಸೇವಾ ಸಮಿತಿಗಳಿವೆ, ಫೋನಿನಲ್ಲಿ ಕೇಳುವವರಿಗೆ 15100 ಸಂಖ್ಯೆ ಇದೆ. ನಿಮ್ಮ ಊರಿನಲ್ಲಿ ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಯಾರನ್ನಾದರೂ ಕೂರಿಸಿದ್ದರೆ, ಒತ್ತುವ ಮೊದಲು ಈ ಮಾತನ್ನು ಅವರ ಕಿವಿಗೆ ಹಾಕಿ.